ಹಳೇ ಫಿಲ್ಮ್ ನುವಾರ್ ಸಿನಿಮಾಗಳಲ್ಲಿ ಸೇಡು ತೀರಿದರೂ ಯಾರಿಗೂ ಯಾಕೆ ಸಮಾಧಾನ ಸಿಗುವುದಿಲ್ಲ?

ಮಂಡಿಪೇಟೆ ಹುಡುಗ, ದಾವಣಗೆರೆ:

ಕಥೆಯ ಕೊನೆ ಎಲ್ಲ ಇಲ್ಲಿ ಬರುತ್ತದೆ. ನೋಡದವರು ಮೊದಲು ಸಿನಿಮಾ ನೋಡಿ ಬನ್ನಿ.

'ದಿ ಬಿಗ್ ಹೀಟ್' ನೋಡಿದವರು ಯಾರಾದರೂ ಇದ್ದೀರಾ? 1953ರದ್ದು, ಫ್ರಿಟ್ಸ್ ಲ್ಯಾಂಗ್ ನಿರ್ದೇಶನ. ನಾವು ನಾಲ್ಕೈದು ಜನ ಗೆಳೆಯರು ಶನಿವಾರ ರಾತ್ರಿ ಒಬ್ಬನ ಮನೆ ಮಾಳಿಗೆ ಮೇಲೆ ಪ್ರೊಜೆಕ್ಟರ್ ಹಾಕಿ ಹಳೇ ಅಮೆರಿಕನ್ ಕ್ರೈಮ್ ಸಿನಿಮಾ ನೋಡುತ್ತೇವೆ, ಕತ್ತಲೆ ನೆರಳು ತುಂಬಿದ, ಫಿಲ್ಮ್ ನುವಾರ್ ಅಂತ ಕರೆಯುವ ಬಗೆಯವು. ಇದನ್ನು ನೋಡಿದ ಮೇಲೆ ಶುರುವಾದ ಜಗಳ ಇನ್ನೂ ವಾಟ್ಸಾಪ್ ಗ್ರೂಪಿನಲ್ಲಿ ನಡೆಯುತ್ತಾ ಇದೆ.

ಕಥೆ ಚುಟುಕಾಗಿ ಹೇಳುತ್ತೇನೆ. ಬ್ಯಾನಿಯನ್ ಅಂತ ಒಬ್ಬ ಪೊಲೀಸ್, ಗ್ಲೆನ್ ಫೋರ್ಡ್ ಮಾಡಿದ್ದಾನೆ. ಇಡೀ ಊರನ್ನೇ ಮುಷ್ಟಿಯಲ್ಲಿ ಇಟ್ಟುಕೊಂಡಿರುವ ಲಗಾನಾ ಅನ್ನುವ ದೊಡ್ಡ ಕುಳದ ತಂಟೆಗೆ ಹೋಗುತ್ತಾನೆ. ಅವನ ಕಾರಿಗೆ ಬಾಂಬ್ ಇಡುತ್ತಾರೆ. ಆದರೆ ಆ ರಾತ್ರಿ ಕಾರು ಸ್ಟಾರ್ಟ್ ಮಾಡುವುದು ಅವನ ಹೆಂಡತಿ ಕೇಟಿ. ಆಮೇಲೆ ಬ್ಯಾನಿಯನ್ ಮೇಲಧಿಕಾರಿ ಜೊತೆ ಜಗಳ ಆಡಿ ಬ್ಯಾಡ್ಜ್ ಬಿಸಾಕುತ್ತಾನೆ, ಪಿಸ್ತೂಲು ಮಾತ್ರ ಕೊಡುವುದಿಲ್ಲ. ಅದು ಇಲಾಖೆಯದಲ್ಲ, ನನ್ನ ದುಡ್ಡಲ್ಲಿ ತಗೊಂಡಿದ್ದು ಅಂತಾನೆ. ಅಲ್ಲಿಂದ ಮುಂದೆ ಅವನ ತಲೆಯಲ್ಲಿ ಇರುವುದು ಒಂದೇ, ಸೇಡು.

ಇಲ್ಲಿವರೆಗೂ ನಮಗೆ ಗೊತ್ತಿರುವ ದಾರಿಯೇ. ಇದೇ ಕಥೆಯನ್ನು ನಮ್ಮಲ್ಲಿ ಎಷ್ಟು ಸಲ ನೋಡಿದ್ದೇವೆ ಹೇಳಿ. ಕೊನೇ ರೀಲಿನಲ್ಲಿ ಹೀರೊ ಒಬ್ಬೊಬ್ಬರನ್ನೇ ಹಿಡಿದು ಹೊಡೆಯುತ್ತಾನೆ, ಥಿಯೇಟರ್ ತುಂಬಾ ಶಿಳ್ಳೆ. ಆದರೆ ಇಲ್ಲಿ ಬ್ಯಾನಿಯನ್ ಕೈಗೆ ವಿನ್ಸ್ ಸ್ಟೋನ್ ಸಿಕ್ಕಾಗ (ಲೀ ಮಾರ್ವಿನ್, ಎಂಥಾ ಕ್ರೂರಿ!) ಅವನು ಗುಂಡು ಹೊಡೆಯುವುದೇ ಇಲ್ಲ. ಪೊಲೀಸರು ಬಂದು ಹಿಡಿದುಕೊಂಡು ಹೋಗುತ್ತಾರೆ. ಮುಂದಿನ ಸೀನಿನಲ್ಲಿ ಬ್ಯಾನಿಯನ್ ಮತ್ತೆ ತನ್ನ ಹಳೇ ಮೇಜಿನ ಹಿಂದೆ ಕೂತಿದ್ದಾನೆ, ಫೋನ್ ಬರುತ್ತದೆ, ಇನ್ನೊಂದು ಕೇಸಿಗೆ ಎದ್ದು ಹೋಗುತ್ತಾನೆ. ಅಷ್ಟೇ. ಮುಗಿಯಿತು.

ಮೆಕ್ಕೆಜೋಳದ ದಲಾಲಿ ಮಾಡುವ ನಮ್ಮ ಗೆಳೆಯನಿಗೆ ಸಿಟ್ಟೇ ಬಂತು. "ಹೆಂಡತಿ ಸತ್ತಿದ್ದಾಳೆ, ಮಗು ಯಾರದೋ ಮನೆಯಲ್ಲಿದೆ, ಇವನು ಆಫೀಸಿಗೆ ಹೋಗಿ ಕೂತನಾ?" ಅಂದ. ನನಗೂ ಒಂಥರಾ ಎದೆ ಭಾರ ಆಯ್ತು, ಆದರೆ ಸಿನಿಮಾ ತಪ್ಪು ಅಂತ ಅನ್ನಿಸಲಿಲ್ಲ. ಇನ್ನೂ ಮೂರು ನಾಲ್ಕು ನುವಾರ್ ನೋಡಿದೆ. ಎಲ್ಲದರಲ್ಲೂ ಹೀಗೇ. ಸೇಡು ತೀರುತ್ತದೆ ಅಥವಾ ತೀರುವುದಿಲ್ಲ, ಹೇಗಾದರೂ ಕೊನೆಗೆ ಆ ಮನುಷ್ಯ ಖಾಲಿ.

ಇದು ಬರೀ ಆ ಕಾಲದ ಸೆನ್ಸಾರ್ ಕಾಟವಾ? ಅಥವಾ ಸಿನಿಮಾ ಮಾಡಿದವರಿಗೇ ಸೇಡಿನ ಬಗ್ಗೆ ಹೀಗೇ ಅನ್ನಿಸಿತ್ತಾ? ತಿಳಿದವರು ಹೇಳಿ. ಮುಂದಿನ ಶನಿವಾರಕ್ಕೆ ಯಾವುದು ಹಾಕಬೇಕು ಅಂತಲೂ ಹೇಳಿ.

ಕೋಟೆ ಕೆಳಗಿನವರು, ಚಿತ್ರದುರ್ಗ:

ಒಳ್ಳೇ ಪ್ರಶ್ನೆ ತಮ್ಮ. ಎರಡೂ ಹೌದು. ಆದರೆ ಮೊದಲನೆಯದು ಅರ್ಧ ಉತ್ತರ ಮಾತ್ರ.

ಹಾಲಿವುಡ್‌ನಲ್ಲಿ ಆಗ ಪ್ರೊಡಕ್ಷನ್ ಕೋಡ್ ಅಂತ ಒಂದು ಇತ್ತು. 1930ರಲ್ಲಿ ಬರೆದದ್ದು, 1934ರಿಂದ ಬಿಗಿಯಾಗಿ ಜಾರಿಗೆ ಬಂತು, 1968ರಲ್ಲಿ ಹೋಯಿತು. ಜೋಸೆಫ್ ಬ್ರೀನ್ ಅನ್ನುವವರ ಕಚೇರಿ ಸ್ಕ್ರಿಪ್ಟ್ ಓದಿ ಇದು ತೆಗೆಯಿರಿ, ಅದು ಬದಲಾಯಿಸಿ ಅನ್ನುತ್ತಿತ್ತು. ಸರ್ಕಾರದ ಕಾನೂನಲ್ಲ, ಸ್ಟುಡಿಯೋಗಳೇ ತಮಗೆ ತಾವು ಹಾಕಿಕೊಂಡ ಕಟ್ಟು. ಆ ಕೋಡ್‌ನಲ್ಲಿ ಕೊಲೆಯ ಬಗ್ಗೆ ಬರೆದ ಜಾಗದಲ್ಲಿ ನೇರವಾಗಿ ಒಂದು ಮಾತಿದೆ: ಈಗಿನ ಕಾಲದ ಕಥೆಯಲ್ಲಿ ಸೇಡು ಸರಿ ಅಂತ ತೋರಿಸಕೂಡದು. ನಾಗರಿಕತೆ ಅಷ್ಟಾಗಿ ಬೆಳೆಯದ ನಾಡು, ಕಾಲದ ಕಥೆ ಆದರೆ ಕೆಲವೊಮ್ಮೆ ತೋರಿಸಬಹುದು, ಅದರಲ್ಲೂ ಕಾನೂನೇ ಇಲ್ಲದ ಕಡೆ ಅಂತ ವಿವರಣೆಯಲ್ಲಿ ಸೇರಿಸಿದ್ದಾರೆ.

ಅಂದರೆ ನೋಡಿ, ಕುದುರೆ ಮೇಲೆ ಕೂತವನು ಸೇಡು ತೀರಿಸಿಕೊಳ್ಳಲು ಸ್ವಲ್ಪ ಜಾಗ ಇತ್ತು, ಕಾರು ಓಡಿಸುವವನಿಗೆ ಇರಲಿಲ್ಲ. ಲ್ಯಾಂಗ್ ಅವರೇ 'ಬಿಗ್ ಹೀಟ್' ಹಿಂದಿನ ವರ್ಷ, 1952ರಲ್ಲಿ, 'ರ‍್ಯಾಂಚೊ ನೊಟೋರಿಯಸ್' ಅನ್ನುವ ಕೌಬಾಯ್ ಸಿನಿಮಾ ಮಾಡಿದರು. ಮದುವೆ ಆಗಬೇಕಿದ್ದ ಹುಡುಗಿಯನ್ನು ಕೊಂದವರನ್ನು ಹುಡುಕಿಕೊಂಡು ಹೋಗುವವನ ಕಥೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ.

ಆದರೆ ಕೋಡ್ ಒಂದೇ ಕಾರಣ ಅಂದರೆ ಒಪ್ಪುವುದಿಲ್ಲ. ಕೋಡ್ ಹೇಳಿದ್ದು "ಮಾಡಬೇಡಿ" ಅಂತ. ಇಷ್ಟು ನೋವಾಗುವ ಹಾಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. ಎಷ್ಟೋ ಸಾಧಾರಣ ಸಿನಿಮಾಗಳು ಕೊನೆಯಲ್ಲಿ ಒಬ್ಬ ಪೊಲೀಸನನ್ನು ಕರೆತಂದು ಕೈತೊಳೆದುಕೊಂಡವು. ಲ್ಯಾಂಗ್ ಹಾಗೆ ಮಾಡುವವರಲ್ಲ. ವಿಯೆನ್ನಾದಲ್ಲಿ ಹುಟ್ಟಿ, ಜರ್ಮನಿಯಲ್ಲಿ ದೊಡ್ಡ ಹೆಸರು ಮಾಡಿ, ಹಿಟ್ಲರ್ ಬಂದ ವರ್ಷ ದೇಶ ಬಿಟ್ಟವರು. ಅಮೆರಿಕದಲ್ಲಿ ಅವರ ಮೊದಲ ಸಿನಿಮಾ 'ಫ್ಯೂರಿ' (1936) ಪೂರ್ತಿ ಇದರ ಮೇಲೇ ಇದೆ. ತಪ್ಪಿಲ್ಲದ ಒಬ್ಬನನ್ನು ಜೈಲಿಗೆ ಹಾಕಿರುತ್ತಾರೆ, ಜನ ಗುಂಪು ಕಟ್ಟಿ ಜೈಲಿಗೇ ಬೆಂಕಿ ಇಡುತ್ತಾರೆ. ಅವನು ಬದುಕಿ ಉಳಿಯುತ್ತಾನೆ, ಆದರೆ ಸತ್ತವನ ಹಾಗೆ ಅಡಗಿ ಕೂರುತ್ತಾನೆ. ಯಾಕೆ? 22 ಜನ ಕೊಲೆ ಆರೋಪದಲ್ಲಿ ಕಟಕಟೆಗೆ ಬಂದಿದ್ದಾರೆ, ಅವರಿಗೆ ನೇಣಾಗಲಿ ಅಂತ. ರೇಡಿಯೋದಲ್ಲಿ ವಿಚಾರಣೆ ಕೇಳುತ್ತಾ ಕೂರುವ ಸ್ಪೆನ್ಸರ್ ಟ್ರೇಸಿಯ ಮುಖ ನೋಡಿ. ಮೊದಲರ್ಧದಲ್ಲಿ ನಾವು ಪ್ರೀತಿಸಿದ ಮನುಷ್ಯ ಅವನಲ್ಲಿ ಉಳಿದೇ ಇರುವುದಿಲ್ಲ.

ಶನಿವಾರಕ್ಕೆ ನಾನು ಹೇಳುವುದು 'ಆಕ್ಟ್ ಆಫ್ ವಯಲೆನ್ಸ್'. 1948ರಲ್ಲಿ ತಯಾರಾದದ್ದು, ಫ್ರೆಡ್ ಝಿನ್ನೆಮನ್ ನಿರ್ದೇಶನ. ಸೇಡಿನ ಮೇಲೆ ನುವಾರ್‌ನಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಶುರುವಿನಲ್ಲೇ ಒಬ್ಬ ಮನುಷ್ಯ ರಾತ್ರಿ ಹೊತ್ತು ಕಾಲು ಎಳೆದುಕೊಂಡು ರಸ್ತೆ ದಾಟುತ್ತಾನೆ, ರೂಮಿಗೆ ಹೋಗಿ ಪಿಸ್ತೂಲು ತೆಗೆಯುತ್ತಾನೆ, ಪರದೆ ಮೇಲೆ ಸಿನಿಮಾದ ಹೆಸರು ಬೀಳುತ್ತದೆ. ಬೇರೆ ಹೆಸರುಗಳೆಲ್ಲ ಕೊನೆಗೇ. ಅವನು ಜೋ, ರಾಬರ್ಟ್ ರಯಾನ್. ಅವನು ಹುಡುಕಿಕೊಂಡು ಬರುವುದು ಫ್ರಾಂಕ್‌ನನ್ನು, ವ್ಯಾನ್ ಹೆಫ್ಲಿನ್. ಫ್ರಾಂಕ್ ಊರಿಗೆ ಬೇಕಾದವನು, ಮನೆ ಕಟ್ಟಿಸುವ ಕಂಟ್ರಾಕ್ಟರ್, ಚಿಕ್ಕ ವಯಸ್ಸಿನ ಹೆಂಡತಿ, ಪುಟ್ಟ ಮಗು. ಮೊದಲು ನಮಗೆ ಜೋ ಯಾರೋ ತಲೆಕೆಟ್ಟವನು ಅನ್ನಿಸುತ್ತದೆ. ಆಮೇಲೆ ನಿಜ ಹೊರಗೆ ಬರುತ್ತದೆ. ಇಬ್ಬರೂ ಯುದ್ಧದಲ್ಲಿ ಜರ್ಮನ್ನರ ಸೆರೆಯಲ್ಲಿದ್ದವರು. ತನ್ನ ಕೈಕೆಳಗಿನವರು ತಪ್ಪಿಸಿಕೊಳ್ಳಲು ಸುರಂಗ ತೋಡುತ್ತಿದ್ದಾರೆ ಅಂತ ಫ್ರಾಂಕ್ ಹೋಗಿ ಶತ್ರುಗಳಿಗೆ ಹೇಳಿರುತ್ತಾನೆ. ಅವರು ಸತ್ತರು. ಜೋ ಒಬ್ಬ ಉಳಿದ.

ಈಗ ಹೇಳಿ, ಯಾರ ಕಡೆ ನಿಲ್ಲುತ್ತೀರಿ? ಹೋಟೆಲಿನ ಮೆಟ್ಟಿಲ ಮೇಲೆ ಫ್ರಾಂಕ್ ಹೆಂಡತಿಗೆ ಇದನ್ನೆಲ್ಲ ಹೇಳಿಕೊಳ್ಳುವ ಸೀನಿದೆ. ಅವರ ಜೀವ ಉಳಿಸಲು ಹೇಳಿದೆ ಅಂತ ಶುರು ಮಾಡುತ್ತಾನೆ. ಹೇಳುತ್ತಾ ಹೇಳುತ್ತಾ ಆ ಸಬೂಬು ಅವನ ಬಾಯಲ್ಲೇ ಮುರಿದು ಬೀಳುತ್ತದೆ. ನಾಝಿಗಳು ಅವನಿಗೆ ಊಟ ಕೊಟ್ಟಿದ್ದರು, ಹೊಟ್ಟೆಗಿಲ್ಲದೆ ಒಣಗಿದವನು ಅದನ್ನು ತಿಂದಿದ್ದ. ಬಹುಶಃ ಆ ಊಟಕ್ಕಾಗಿಯೇ ಹೇಳಿದೆನೇನೋ ಅನ್ನುವಲ್ಲಿಗೆ ಬಂದು ನಿಲ್ಲುತ್ತಾನೆ. ಹಗೆ ಸಾಧಿಸಲು ಬಂದವನಿಗೆ ನ್ಯಾಯ ಇದೆ, ಓಡುತ್ತಿರುವವನ ಮೇಲೆ ನಮಗೆ ಕರುಣೆ ಇದೆ. ಎರಡೂ ಒಟ್ಟಿಗೆ ಇರುವಾಗ ಶಿಳ್ಳೆ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ. ಝಿನ್ನೆಮನ್ ಅವರ ತಂದೆ ತಾಯಿ ಇಬ್ಬರೂ ನಾಝಿಗಳ ಯಹೂದಿ ನರಮೇಧದಲ್ಲಿ ಸತ್ತವರು. ಸೇಡು ಬೇಕು ಅನ್ನಲು ಅವರಿಗಿಂತ ಜಾಸ್ತಿ ಹಕ್ಕು ಯಾರಿಗಿತ್ತು? ಆ ಮನುಷ್ಯ ಯುದ್ಧ ಮುಗಿದು ಮೂರೇ ವರ್ಷಕ್ಕೆ ಈ ಸಿನಿಮಾ ಮಾಡಿದ್ದಾರೆ. ಇದನ್ನು ಸೆನ್ಸಾರ್ ಲೆಕ್ಕಕ್ಕೆ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ವಿದ್ಯಾನಗರದ ಅಕ್ಕ, ದಾವಣಗೆರೆ:

ಇಬ್ಬರೂ ಬ್ಯಾನಿಯನ್ ಬಗ್ಗೆಯೇ ಬರೆದಿದ್ದೀರಿ. 'ಬಿಗ್ ಹೀಟ್'ನಲ್ಲಿ ಸೇಡು ತೀರಿಸಿಕೊಳ್ಳುವುದು ಬ್ಯಾನಿಯನ್ ಅಲ್ಲವೇ ಅಲ್ಲ, ಡೆಬ್ಬಿ. ಗ್ಲೋರಿಯಾ ಗ್ರಹಾಂ. ಆ ಹುಡುಗಿಯ ಹೆಸರನ್ನೇ ಇಲ್ಲಿವರೆಗೆ ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಡೆಬ್ಬಿ ವಿನ್ಸ್ ಸ್ಟೋನ್ ಇಟ್ಟುಕೊಂಡವಳು. ಕನ್ನಡಿ ನೋಡಿಕೊಳ್ಳುವುದು, ಶಾಪಿಂಗ್ ಮಾಡುವುದು, ಗಂಡಸರನ್ನು ರೇಗಿಸುವುದು, ಅಷ್ಟೇ ಅವಳ ಕೆಲಸ ಅಂತ ಮೊದಲು ಅನ್ನಿಸುತ್ತದೆ. ಬ್ಯಾನಿಯನ್ ಜೊತೆ ಒಂದು ಸಲ ಮಾತಾಡಿದ ತಪ್ಪಿಗೆ ವಿನ್ಸ್ ಕುದಿಯುವ ಕಾಫಿಯನ್ನು ಅವಳ ಮುಖಕ್ಕೆ ಎರಚುತ್ತಾನೆ. ಆ ಸೀನನ್ನು ಗಮನವಿಟ್ಟು ನೋಡಿ. ಕಾಫಿ ಮುಖಕ್ಕೆ ಬೀಳುವುದನ್ನು ಲ್ಯಾಂಗ್ ತೋರಿಸುವುದೇ ಇಲ್ಲ. ಒಲೆ ಮೇಲಿನ ಪಾತ್ರೆ ಕಾಣುತ್ತದೆ, ಆಮೇಲೆ ಅವಳ ಕಿರುಚಾಟ ಕೇಳುತ್ತದೆ. ನಾನು ಮೊದಲ ಸಲ ನೋಡಿದಾಗ ಎದ್ದು ಅಡುಗೆ ಮನೆಗೆ ಹೋಗಿ ನೀರು ಕುಡಿದು ಬಂದೆ. ನಮ್ಮಲ್ಲಿ ಹೆಣ್ಣುಮಕ್ಕಳ ಮುಖಕ್ಕೆ ಆಸಿಡ್ ಎರಚಿದ ಸುದ್ದಿ ಎಷ್ಟು ಓದಿದ್ದೇವೆ. ಇದು 1953ರ ಅಮೆರಿಕದ ಕಥೆ ಅಂತ ದೂರ ಇಟ್ಟು ನೋಡಲು ನನಗೆ ಆಗಲಿಲ್ಲ.

ಈಗ ಅಸಲು ಭಾಗ. ಬರ್ತಾ ಡಂಕನ್ ಅಂತ ಒಬ್ಬಳಿದ್ದಾಳೆ. ಲಂಚದ ದುಡ್ಡು ತಿನ್ನುತ್ತಿದ್ದ ಅವಳ ಗಂಡ, ಅವನೂ ಪೊಲೀಸ್, ಎಲ್ಲವನ್ನೂ ಬರೆದಿಟ್ಟು ಗುಂಡು ಹೊಡೆದುಕೊಂಡು ಸಾಯುತ್ತಾನೆ. ಸಿನಿಮಾ ಶುರುವಾಗುವುದೇ ಮೇಜಿನ ಮೇಲಿನ ಆ ಪಿಸ್ತೂಲಿನಿಂದ. ಹೆಂಡತಿ ಕೆಳಗಿಳಿದು ಬರುತ್ತಾಳೆ, ಅಳುವುದಿಲ್ಲ, ಕಾಗದ ಓದುತ್ತಾಳೆ, ಲಗಾನಾಗೆ ಫೋನ್ ಮಾಡುತ್ತಾಳೆ. ಆ ಕಾಗದ ಇಟ್ಟುಕೊಂಡು ಅವನಿಂದ ದುಡ್ಡು ಕೀಳುತ್ತಾಳೆ. ಅವಳು ಸತ್ತರೆ ಕಾಗದ ಹೊರಗೆ ಬರುತ್ತದೆ, ಲಗಾನಾ ಮುಳುಗುತ್ತಾನೆ. ಬ್ಯಾನಿಯನ್‌ಗೆ ಇದು ಗೊತ್ತು. ಒಂದು ಸಲ ಅವಳ ಕುತ್ತಿಗೆಗೇ ಕೈ ಹಾಕುತ್ತಾನೆ, ಆದರೆ ಕೊಲ್ಲುವುದಿಲ್ಲ. ಆಮೇಲೆ ಹೋಟೆಲ್ ರೂಮಿನಲ್ಲಿ ಡೆಬ್ಬಿ ಹತ್ತಿರ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾನೆ, ಅವಳ ಹತ್ತಿರ ಒಂದು ಪಿಸ್ತೂಲು ಬಿಟ್ಟು ಹೋಗುತ್ತಾನೆ.

ಡೆಬ್ಬಿ ಹೋಗಿ ಬರ್ತಾಳನ್ನು ಕೊಲ್ಲುತ್ತಾಳೆ. ಇಬ್ಬರೂ ಮಿಂಕ್ ತುಪ್ಪಳದ ಕೋಟು ಹಾಕಿಕೊಂಡು ಎದುರುಬದುರು ನಿಂತಿರುತ್ತಾರೆ. ಈ ಕೋಟಿನ ಒಳಗೆ ನಾವಿಬ್ಬರೂ ಅಕ್ಕತಂಗಿಯರು ಅಂತಾಳೆ ಡೆಬ್ಬಿ, ಆಮೇಲೆ ಗುಂಡು. ಅಲ್ಲಿಂದ ಹೋಗಿ ವಿನ್ಸ್ ಮುಖಕ್ಕೆ ಕುದಿಯುವ ಕಾಫಿ ಎರಚುತ್ತಾಳೆ. ಅವನು ಅವಳಿಗೆ ಗುಂಡು ಹೊಡೆಯುತ್ತಾನೆ. ಬ್ಯಾನಿಯನ್ ಬಂದಾಗ ಎಲ್ಲ ಮುಗಿದಿರುತ್ತದೆ. ಅವನು ವಿನ್ಸ್‌ನನ್ನು ಕೊಲ್ಲದೆ ಬಿಟ್ಟ, ದೊಡ್ಡ ಮನುಷ್ಯ ಅಂತ ಎಲ್ಲರೂ ಹೊಗಳುತ್ತಾರೆ. ಬಿಡಲು ಅವನಿಗೆ ಆಯಿತು ಯಾಕೆ ಅಂದರೆ ಕೊಳಕು ಕೆಲಸವನ್ನು ಆಗಲೇ ಒಬ್ಬಳು ಮಾಡಿ ಮುಗಿಸಿದ್ದಳು. ಅವನ ಕೈ ಶುದ್ಧ, ನೌಕರಿ ವಾಪಸ್. ಅವಳಿಗೆ ಸಾವು. ಕೊಂದವರು ಸಾಯಲೇಬೇಕು ಅನ್ನುವುದು ಕೋಡ್ ಕಾಲದ ಲೆಕ್ಕ ಸರಿ, ಆದರೆ ಆ ಲೆಕ್ಕ ಯಾರ ಮೇಲೆ ಬಿತ್ತು ನೋಡಿ.

ಇಡೀ ಸಿನಿಮಾದಲ್ಲಿ ಬ್ಯಾನಿಯನ್ ದಾರಿಗೆ ಬಂದ ನಾಲ್ಕು ಹೆಂಗಸರು ಸಾಯುತ್ತಾರೆ. ಮೊದಲು ಅವನಿಗೆ ನಿಜ ಹೇಳಲು ಬಂದ ಲೂಸಿ, ಆಮೇಲೆ ಕೇಟಿ, ಬರ್ತಾ, ಡೆಬ್ಬಿ. ಲೂಸಿ ಮಾತನ್ನು ಅವನು ನಂಬುವುದೂ ಇಲ್ಲ.

ಡೆಬ್ಬಿ ಸಾಯುವಾಗ ಸುಟ್ಟ ಕೆನ್ನೆಯನ್ನು ಆ ಮಿಂಕ್ ಕೋಟಿನಲ್ಲಿ ಮುಚ್ಚಿಕೊಂಡು, ನಿನ್ನ ಹೆಂಡತಿ ಬಗ್ಗೆ ಹೇಳು ಅಂತ ಕೇಳುತ್ತಾಳೆ. ಮೊದಲೊಂದು ಸಲ ಕೇಳಿದಾಗ ಅವನು ಬಾಯಿ ಬಿಟ್ಟಿರಲಿಲ್ಲ. ಈಗ ಹೇಳುತ್ತಾನೆ, ಕೇಟಿ ಹೇಗೆ ಸಿಟ್ಟು ಮಾಡಿಕೊಳ್ಳುತ್ತಿದ್ದಳು, ಮಗಳಿಗೆ ಹೇಗೆ ಬಟ್ಟೆ ಹಾಕುತ್ತಿದ್ದಳು, ಅಂಥ ಸಣ್ಣ ಸಣ್ಣ ಮಾತು. ಅವನಿಗೆ ಸಮಾಧಾನ ಅಂತ ಏನಾದರೂ ಸಿಕ್ಕಿದ್ದರೆ ಅಲ್ಲಿ ಸಿಕ್ಕಿದೆ. ಹೊಡೆದಾಟದಲ್ಲಿ ಅಲ್ಲ. ಮಂಡಿಪೇಟೆ ತಮ್ಮಾ, ನಿಮ್ಮ ದಲಾಲಿ ಗೆಳೆಯರಿಗೆ ಆ ಸೀನು ಇನ್ನೊಂದು ಸಲ ತೋರಿಸಿ.

ಪತ್ರ ಬರಹಗಾರ, ಚಿತ್ರದುರ್ಗ:

ನಾನು ಕೋರ್ಟ್ ಹತ್ತಿರ ಕೂತು ಕ್ರಯಪತ್ರ, ಕರಾರುಪತ್ರ ಬರೆಯುವವನು. ಸಿನಿಮಾ ಶಾಸ್ತ್ರ ಎಲ್ಲ ಓದಿದವನಲ್ಲ. ಆದರೆ ಸೇಡಿನ ವಿಷಯ ಬಂದರೆ 'ಡಿ.ಒ.ಎ.' (1950) ಬಿಟ್ಟು ಮಾತಾಡಬಾರದು. ನಮ್ಮ ಕಸುಬಿನವನ ಕಥೆ ಅದು.

ಒಬ್ಬ ಮನುಷ್ಯ ಪೊಲೀಸ್ ಕಚೇರಿಯ ಉದ್ದನೆ ಕಾರಿಡಾರ್‌ನಲ್ಲಿ ನಡೆದು ಹೋಗುತ್ತಾನೆ. ಕೊಲೆ ಬಗ್ಗೆ ದೂರು ಕೊಡಬೇಕು ಅಂತಾನೆ. ಯಾರ ಕೊಲೆ ಅಂತ ಕೇಳಿದರೆ, ನನ್ನದೇ ಅಂತಾನೆ. ಹೆಸರು ಬಿಗೆಲೋ, ಎಡ್ಮಂಡ್ ಒ'ಬ್ರಿಯನ್. ಕ್ಯಾಲಿಫೋರ್ನಿಯಾದ ಬ್ಯಾನಿಂಗ್ ಅನ್ನುವ ಸಣ್ಣ ಊರಿನಲ್ಲಿ ಲೆಕ್ಕಪತ್ರ ನೋಡಿಕೊಂಡು, ನೋಟರಿ ಮಾಡಿಕೊಂಡು ಇದ್ದವನು. ರಜೆಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಾನೆ, ಬಾರಿನಲ್ಲಿ ಯಾರೋ ಅವನ ಗ್ಲಾಸ್ ಬದಲಾಯಿಸುತ್ತಾರೆ. ಬೆಳಗ್ಗೆ ಡಾಕ್ಟರ್ ಹೇಳುತ್ತಾರೆ, ವಿಷ ಹೊಟ್ಟೆಗೆ ಹೋಗಿದೆ, ಔಷಧ ಇಲ್ಲ. ಇನ್ನು ಕೆಲವೇ ದಿನ. ಅವನು ಬೀದಿಗಳಲ್ಲಿ ಹುಚ್ಚನ ಹಾಗೆ ಓಡುವುದಿದೆಯಲ್ಲ, ಜನ ಗುದ್ದಿಕೊಂಡು ಹೋಗುತ್ತಾರೆ, ಅವನಿಗೆ ಯಾವುದೂ ಕಾಣುವುದಿಲ್ಲ. ಆಮೇಲೆ ನಿಲ್ಲುತ್ತಾನೆ. ಉಳಿದ ಸಮಯದಲ್ಲಿ ಕೊಂದವನನ್ನು ಹುಡುಕಲು ಹೊರಡುತ್ತಾನೆ.

ಕಾರಣ ಏನು ಗೊತ್ತಾ? ಕೆಲವು ತಿಂಗಳ ಹಿಂದೆ ಒಂದು ಕ್ರಯಪತ್ರಕ್ಕೆ ನೋಟರಿ ಮುದ್ರೆ ಹಾಕಿರುತ್ತಾನೆ. ಇರಿಡಿಯಮ್ ಅನ್ನುವ ಲೋಹ ಕೊಂಡುಕೊಂಡ ಪತ್ರ. ಆ ಪತ್ರ ಇತ್ತು ಅನ್ನುವುದಕ್ಕೆ ಅವನೊಬ್ಬ ಸಾಕ್ಷಿ. ಅಷ್ಟೇ. ಯಾರ ಮೇಲೂ ಹಗೆ ಇಲ್ಲ, ಯಾರಿಗೂ ಮೋಸ ಮಾಡಿಲ್ಲ, ದಿನಕ್ಕೆ ಹತ್ತು ಪತ್ರ ನೋಡುವವನಿಗೆ ಆ ಪತ್ರದ ನೆನಪೂ ಸರಿಯಾಗಿ ಇರುವುದಿಲ್ಲ.

ಕೊನೆಗೆ ಕೊಂದವನು ಸಿಗುತ್ತಾನೆ, ಲಾಸ್ ಏಂಜಲೀಸ್‌ನ ಬ್ರ್ಯಾಡ್‌ಬರಿ ಕಟ್ಟಡದಲ್ಲಿ. ಬಿಗೆಲೋ ಅವನಿಗೆ ಗುಂಡು ಹೊಡೆಯುತ್ತಾನೆ. ಮೇಲಿನವರು ಹೇಳಿದ ಕೋಡ್ ಇಲ್ಲಿ ಏನು ಮಾಡಲು ಸಾಧ್ಯ? ಕೊಂದವನಿಗೆ ಶಿಕ್ಷೆ ಆಗಲೇಬೇಕು ಅಂದರೆ ಇವನಿಗೆ ಶಿಕ್ಷೆ ಮೊದಲೇ ಆಗಿ ಹೋಗಿದೆ. ಪೊಲೀಸರು ಫೈಲಿನ ಮೇಲೆ ಬಂದಾಗಲೇ ಸತ್ತಿದ್ದ (ಡೆಡ್ ಆನ್ ಅರೈವಲ್, ಅದೇ ಡಿ.ಒ.ಎ.) ಅಂತ ಬರೆಯುತ್ತಾರೆ. ಎಂಥಾ ಚಾಣಾಕ್ಷ ಕಥೆ ನೋಡಿ. ಸೇಡು ತೀರಿತು, ಅನುಭವಿಸಲು ಮನುಷ್ಯ ಇಲ್ಲ. ಮಂಡಿಪೇಟೆಯವರ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಹೊಳೆಯುವುದಿಲ್ಲ.

ಇನ್ನೊಂದು ಮಾತು. ಇದರ ಕಾಪಿರೈಟ್ ಅಮೆರಿಕದಲ್ಲಿ ಯಾವತ್ತೋ ಮುಗಿದಿದೆ, ಹಾಗಾಗಿ ಇಂಟರ್ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಪ್ರಿಂಟ್ ಚೆನ್ನಾಗಿರುವುದು ನೋಡಿ ಆರಿಸಿಕೊಳ್ಳಿ.

ಕಾರ್ಬನ್ ಕಡ್ಡಿ, ದಾವಣಗೆರೆ:

ಪ್ರಿಂಟ್ ವಿಷಯ ಬಂತಲ್ಲ, ಅದಕ್ಕೇ ಬರೆಯುತ್ತೇನೆ. ನಾನು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು, ಪ್ರೊಜೆಕ್ಟರಿನಲ್ಲಿ ಕಾರ್ಬನ್ ಕಡ್ಡಿ ಉರಿಸುತ್ತಿದ್ದ ಕಾಲದಿಂದ. ಕಪ್ಪು-ಬಿಳುಪು ಸಿನಿಮಾ ಮಾಳಿಗೆ ಮೇಲೆ ಬೀದಿ ದೀಪದ ಬೆಳಕಲ್ಲಿ ನೋಡಬೇಡಿ ತಮ್ಮಾ. ಕಪ್ಪು ಹೋಗಿ ಬೂದಿ ಬಣ್ಣ ಆಗುತ್ತದೆ. ಈ ಸಿನಿಮಾಗಳಲ್ಲಿ ಅರ್ಧ ಕಥೆ ಕಪ್ಪಿನಲ್ಲೇ ಇದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹಾಕಿ. ಟೀವಿ ಆದರೆ ಚಿತ್ರ ನುಣ್ಣಗೆ ಓಡುವ ಹಾಗೆ ಮಾಡುವ ಸೆಟ್ಟಿಂಗ್ ಇರುತ್ತದಲ್ಲ, ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಸೀರಿಯಲ್ ನೋಡಿದ ಹಾಗೆ ಇರುತ್ತದೆ.

'ರಾ ಡೀಲ್' (1948) ನೋಡಿದ್ದೀರಾ? ಆಂಥೊನಿ ಮನ್ ನಿರ್ದೇಶನ, ಕ್ಯಾಮೆರಾ ಜಾನ್ ಆಲ್ಟನ್. ಕಡಿಮೆ ಖರ್ಚಿನ ಸಿನಿಮಾ, ಸೆಟ್ಟಿಗೆ ದುಡ್ಡಿಲ್ಲ, ಹಾಗಾಗಿ ಕತ್ತಲೆಯೇ ಸೆಟ್ಟು. ಮಂಜು, ಒಂದು ದೀಪ, ಒಂದು ಮುಖ, ಮಿಕ್ಕಿದ್ದೆಲ್ಲ ಕಪ್ಪು. ದೀಪ ಎಲ್ಲಿಡಬೇಕು ಅನ್ನುವುದಕ್ಕಿಂತ ಎಲ್ಲಿ ಇಡಬಾರದು ಅಂತ ಗೊತ್ತಿದ್ದ ಮನುಷ್ಯ ಆಲ್ಟನ್. ಕಥೆ ಜೈಲಿನಿಂದ ತಪ್ಪಿಸಿಕೊಂಡು ಬಂದವನದ್ದು. ತನ್ನನ್ನು ಬಲಿ ಕೊಟ್ಟ ರಿಕ್ ಅನ್ನುವವನ ಲೆಕ್ಕ ಚುಕ್ತಾ ಮಾಡಬೇಕು. ಆ ರಿಕ್ (ರೇಮಂಡ್ ಬರ್) ಉರಿಯುವ ಸಿಹಿ ತಿಂಡಿಯ ಪಾತ್ರೆಯನ್ನು ಒಬ್ಬ ಹೆಂಗಸಿನ ಮೇಲೆ ಎಸೆಯುತ್ತಾನೆ. ಅಕ್ಕ ಹೇಳಿದ ಕಾಫಿ ಸೀನಿಗಿಂತ ಐದು ವರ್ಷ ಮೊದಲಿನದ್ದು ಇದು.

ಸ್ಯಾಮುಯೆಲ್ ಫುಲ್ಲರ್ ಅವರ 'ಅಂಡರ್‌ವರ್ಲ್ಡ್ ಯು.ಎಸ್.ಎ.' (1961) ಕೂಡ ಪಟ್ಟಿಗೆ ಹಾಕಿಕೊಳ್ಳಿ. ಒಬ್ಬ ಹುಡುಗ ಸಂದಿಯಲ್ಲಿ ನಿಂತು ಅಪ್ಪನನ್ನು ಹೊಡೆದು ಸಾಯಿಸುವುದನ್ನು ನೋಡುತ್ತಾನೆ. ಅವನಿಗೆ ಕಾಣುವುದು ಗೋಡೆ ಮೇಲಿನ ನೆರಳು ಮಾತ್ರ. ಆ ನೆರಳುಗಳ ಹಿಂದೆಯೇ ಇಡೀ ಆಯಸ್ಸು ಓಡುತ್ತಾನೆ. ಒಬ್ಬೊಬ್ಬರನ್ನೇ ಮುಗಿಸುತ್ತಾನೆ, ಕೊನೆಗೆ ತಾನೂ ಸಂದಿಯಲ್ಲೇ ಬಿದ್ದು ಸಾಯುತ್ತಾನೆ. ಕ್ಯಾಮೆರಾ ಹೋಗಿ ನಿಲ್ಲುವುದು ಅವನ ಬಿಗಿದ ಮುಷ್ಟಿ ಮೇಲೆ. ಸತ್ತ ಮೇಲೂ ಬಿಚ್ಚಿಲ್ಲ.

ಮಂಡಿಪೇಟೆ ಹುಡುಗ, ದಾವಣಗೆರೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಅಕ್ಕಾ, ನಿಮ್ಮದನ್ನು ಗ್ರೂಪಿಗೆ ಹಾಕಿದೆ, ಒಂದು ಗಂಟೆ ಯಾರೂ ಮಾತಾಡಲಿಲ್ಲ. ಶನಿವಾರ 'ಆಕ್ಟ್ ಆಫ್ ವಯಲೆನ್ಸ್' ಕೋಣೆ ಒಳಗೇ ಹಾಕುತ್ತೇವೆ.

ಒಂದು ಸಂಶಯ ಮಾತ್ರ ಉಳಿದಿದೆ. ನಮ್ಮ ಗೆಳೆಯನ ವಾದ ಏನೆಂದರೆ, ಇದು ಅವರ ದೇಶದ, ಅವರ ಯುದ್ಧದ ಮನಸ್ಸು, ನಮ್ಮ ರಕ್ತಕ್ಕೆ ಒಗ್ಗುವುದಿಲ್ಲ. ನಮಗೆ ಭೀಮ ದುಶ್ಶಾಸನನ ಎದೆ ಬಗೆಯಲೇಬೇಕು, ದ್ರೌಪದಿ ಮುಡಿ ಕಟ್ಟಲೇಬೇಕು, ಆಗಲೇ ಊಟ ಮಾಡಿದ ಹಾಗೆ ಅಂತಾನೆ. ಇದಕ್ಕೆ ಏನು ಹೇಳುತ್ತೀರಿ?

ಕೋಟೆ ಕೆಳಗಿನವರು, ಚಿತ್ರದುರ್ಗ:

ನಿಮ್ಮ ಗೆಳೆಯನಿಗೆ ರನ್ನನ 'ಗದಾಯುದ್ಧ' ಓದಲು ಹೇಳಿ. ಸಾವಿರ ವರ್ಷದ ಹಿಂದಿನ ಕನ್ನಡ ಕಾವ್ಯ. ನಾನು ಅದನ್ನು ಪಾಠ ಮಾಡಿದವನು, ಅದಕ್ಕೇ ಸ್ವಲ್ಪ ಬಿಸಿಯಾಗಿ ಹೇಳುತ್ತೇನೆ.

ಅಲ್ಲಿ ನಾಯಕ ಭೀಮನೇ. ಸೇಡಿನ ಶಪಥ ಮಾಡಿದವನು, ತೀರಿಸುವವನು. ಆದರೆ ರನ್ನ ನಮ್ಮನ್ನು ಕರೆದುಕೊಂಡು ಹೋಗುವುದು ಯಾರ ಜೊತೆ? ದುರ್ಯೋಧನನ ಜೊತೆ. ಅವನು ಸಂಜಯನ ಕೈ ಹಿಡಿದು ರಣರಂಗದಲ್ಲಿ ಹೆಣಗಳ ನಡುವೆ ಹೆಜ್ಜೆ ಹಾಕುತ್ತಾನೆ. ದ್ರೋಣರ ಹೆಣ, ದುಶ್ಶಾಸನನ ಹೆಣ, ಕರ್ಣನ ಹೆಣ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು, ನಿನ್ನಂಥ ಸಾವು ನನಗೂ ಬರಲಿ ಅನ್ನುತ್ತಾನೆ. ಆಮೇಲೆ ಹೋಗಿ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ದಡದ ಮೇಲೆ ಭೀಮ ಅಬ್ಬರಿಸಿದಾಗ ನೀರಿನ ಒಳಗಿದ್ದೂ ಬೆವರುತ್ತಾನೆ. ನೀರೊಳಗೆ ಬೆವರು!

ಈಗ 'ಆಕ್ಟ್ ಆಫ್ ವಯಲೆನ್ಸ್'ನಲ್ಲಿ ಫ್ರಾಂಕ್ ಮನೆಯ ದೀಪ ಎಲ್ಲ ಆರಿಸಿ, ಪರದೆ ಎಳೆದು, ಕತ್ತಲಲ್ಲಿ ಕೂರುವ ಸೀನು ನೋಡಿ. ಹೊರಗೆ ಜೋ ಕುಂಟ ಕಾಲು ಎಳೆಯುತ್ತಾ ಮನೆ ಸುತ್ತ ಓಡಾಡುವ ಸದ್ದು. ಒಂದು ಹೆಜ್ಜೆ, ಒಂದು ಎಳೆತ. ಸಂಗೀತ ಇಲ್ಲ. ಹಗೆಗಾರ ದಡದಲ್ಲಿ, ಅಪರಾಧಿ ನೀರಿನಲ್ಲಿ. ತಪ್ಪು ಮಾಡಿದವನ ಭಯವನ್ನು ನಮ್ಮ ಮೈಗೂ ಹತ್ತಿಸುವುದು ಹೇಗೆ ಅಂತ ರನ್ನನಿಗೂ ಗೊತ್ತಿತ್ತು. ರಕ್ತಕ್ಕೆ ಒಗ್ಗುವುದಿಲ್ಲ ಅನ್ನುವ ಮಾತು ಬೇಡ.

ವಿದ್ಯಾನಗರದ ಅಕ್ಕ, ದಾವಣಗೆರೆ:

ಮೇಷ್ಟ್ರೇ, ಎಷ್ಟು ಚೆನ್ನಾಗಿ ಹೇಳಿದಿರಿ. ಆದರೆ ಆ ಕತ್ತಲ ಕೋಣೆಯಲ್ಲಿ ಫ್ರಾಂಕ್ ಒಬ್ಬನೇ ಇಲ್ಲ, ಈಡಿತ್ ಕೂಡ ಇದ್ದಾಳೆ, ಜ್ಯಾನೆಟ್ ಲೀ. ಮಗು ಒಳಗೆ ಮಲಗಿದೆ. ಅವಳಿಗೆ ಏನೂ ಗೊತ್ತಿಲ್ಲ, ಗಂಡ ಯಾಕೆ ದೀಪ ಆರಿಸಿದ ಅಂತ ತಿಳಿಯದೆ ಅವನ ಮುಖ ನೋಡುತ್ತಾಳೆ. ಜೋನನ್ನು ಬೇಡ, ಬಿಟ್ಟುಬಿಡು ಅಂತ ತಡೆಯಲು ಅವನ ಹಿಂದೆಯೇ ಬರುವವಳೂ ಅವನ ಹುಡುಗಿ. ಇಬ್ಬರು ಗಂಡಸರ ಹಳೇ ಲೆಕ್ಕ, ಅದರ ಮಧ್ಯೆ ನಿಲ್ಲುವವರು ಇವರು.

ಮಂಡಿಪೇಟೆ ತಮ್ಮಾ, ಶನಿವಾರ ನೋಡುವಾಗ ಕೊನೆಯನ್ನು ಗಮನಿಸಿ. ಫ್ರಾಂಕ್ ಹೆದರಿಕೆಯಲ್ಲಿ ಒಬ್ಬ ಬಾಡಿಗೆ ಕೊಲೆಗಾರನಿಗೆ ಜೋನನ್ನು ಕೊಲ್ಲಲು ಒಪ್ಪಿಕೊಂಡುಬಿಟ್ಟಿರುತ್ತಾನೆ. ರೈಲ್ವೆ ಸ್ಟೇಷನ್ ಹತ್ತಿರ ಅದೇ ಕೊಲೆಗಾರನ ಗುಂಡಿಗೆ ತಾನೇ ಅಡ್ಡ ನಿಂತು ಜೋನನ್ನು ಉಳಿಸಿ ಸಾಯುತ್ತಾನೆ. ಸೇಡಿಗೆ ಬಂದವನು ಶತ್ರುವಿನ ಹೆಣದ ಪಕ್ಕ ಮಂಡಿ ಊರಿ ಕೂತಿದ್ದಾನೆ. ಈಡಿತ್‌ಗೆ ನಾನೇ ಹೋಗಿ ಹೇಳುತ್ತೇನೆ ಅಂತಾನೆ. ಇದನ್ನು ಎಲ್ಲರೂ ಕ್ಷಮೆ ಅಂತ ಓದುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸಿನಿಮಾ ಪೂರ್ತಿ ಆ ಹೆಂಗಸಿನ ಜೀವ ಹಿಂಡಿದ ಮನುಷ್ಯ ಈಗ ಅವಳ ಬಾಗಿಲಿಗೆ ಈ ಸುದ್ದಿ ಹೊತ್ತುಕೊಂಡು ಹೋಗಬೇಕಾ? ಬೇರೆ ಯಾರೂ ಸಿಗಲಿಲ್ವಾ? ನಿಮ್ಮ ಗ್ರೂಪಿನವರು ನೋಡಿ ಏನನ್ನಿಸಿತು ಅಂತ ಬರೆಯಿರಿ. ಮೇಷ್ಟ್ರು ಇದಕ್ಕೆ ಒಪ್ಪುವುದಿಲ್ಲ ಅಂತ ಗೊತ್ತು.

ಕೋಟೆ ಕೆಳಗಿನವರು, ಚಿತ್ರದುರ್ಗ:

ಒಪ್ಪುವುದಿಲ್ಲ ತಂಗಿ. ಬೇರೆ ಯಾರಾದರೂ ಹೇಳಿದರೆ ಅವಳಿಗೆ ಗಂಡ ಸತ್ತ ಅಂತ ಮಾತ್ರ ಗೊತ್ತಾಗುತ್ತದೆ. ಅವನು ಯಾರಿಗಾಗಿ ಸತ್ತ, ಯಾಕೆ ಸತ್ತ ಅಂತ ಹೇಳಬಲ್ಲವನು ಜೋ ಒಬ್ಬನೇ. ಅದು ಅವನು ತೀರಿಸಬೇಕಾದ ಸಾಲ. ಶನಿವಾರ ಆದ ಮೇಲೆ ಮುಂದುವರಿಸೋಣ, ದಲಾಲಿಯವರೂ ನೋಡಿ ಬರೆಯಲಿ.